ಕನ್ನಡಿಯ ಹಿಂದಿನ ಟ್ಯೂಬು

ಡಿಪೋದಲ್ಲಿ ಅವನಿಗೆ ಗಡಿಯಾರ ಎಂದೇ ಹೆಸರು. ಇಪ್ಪತ್ತೆಂಟು ವರ್ಷಗಳಲ್ಲಿ ಅವನ ಬಸ್ಸು ಒಮ್ಮೆಯೂ ತಡವಾಗಿ ಹೊರಟಿರಲಿಲ್ಲ. ಮೂರನೆಯ ಸ್ಟಾಪಿನ ಎದುರಿನ ಮನೆಯವರು ಅವನ ಹಾರನ್ ಕೇಳಿ ಮಕ್ಕಳನ್ನು ಶಾಲೆಗೆ ಹೊರಡಿಸುತ್ತಿದ್ದರು. ಅಂಥವನು ಐವತ್ತೆರಡನೆಯ ವಯಸ್ಸಿನಲ್ಲಿ, ಸ್ಟೇರಿಂಗ್ ಬಿಟ್ಟು ಗೇಟು ಕಾಯುವ ಕೆಲಸ ಕೊಡಿ ಎಂದು ಅರ್ಜಿ ಬರೆದ. ಕಾರಣ ಕೇಳುವ ಜಾಗದಲ್ಲಿ ಸೊಂಟನೋವು ಎಂದು ತುಂಬಿಸಿದ. ಅವನ ಸೊಂಟ ಕಲ್ಲುಗುಂಡಿನ ಹಾಗಿತ್ತು. ಅವನನ್ನು ಸೋಲಿಸಿದ್ದು ತೊಡೆಸಂದಿಯ ನವೆ.

ಸೀಟಿನ ಪಕ್ಕದಲ್ಲೇ ಎಂಜಿನ್ನು, ಕೆಳಗೆ ರೆಕ್ಸಿನ್, ಮೈಮೇಲೆ ನಿಯಮದ ಪ್ರಕಾರ ದಪ್ಪ ಪಾಲಿಯೆಸ್ಟರ್ ಪ್ಯಾಂಟು. ಎಂಟು ಗಂಟೆ ಹಾಗೆ ಬೆವರಿನಲ್ಲಿ ಬೇಯುವ ಮೈಗೆ ಹುಳುಕಡ್ಡಿ ಹತ್ತದಿದ್ದರೆ ಆಶ್ಚರ್ಯಪಡಬೇಕು. ಆದರೆ ಆ ಜಾಗದ ಹೆಸರನ್ನು ಬಾಯಲ್ಲಿ ಆಡುವಂತಿಲ್ಲ. ಹಲ್ಲು ನೋವೆಂದು ರಜೆ ಹಾಕಬಹುದು, ಕಣ್ಣು ಮಂಜೆಂದು ಚೀಟಿ ತರಬಹುದು. ಇದಕ್ಕೆ ಮಾತ್ರ ಬಾಯಿಲ್ಲ. ಪಕ್ಕದಲ್ಲಿ ಕಂಡಕ್ಟರ್ ಹೆಣ್ಣುಮಗಳು, ಹಿಂದೆ ಅರವತ್ತು ಜನ. ಕೆರೆದುಕೊಳ್ಳುವ ಹಾಗಿಲ್ಲ. ಹಲ್ಲು ಕಚ್ಚಿಕೊಂಡು ಗೇರು ಹಾಕುತ್ತಿದ್ದ.

ಡ್ರೈವರುಗಳ ವಿಶ್ರಾಂತಿ ಕೋಣೆಯಲ್ಲಿ ಒಂದು ಪದ್ಧತಿಯಿತ್ತು. ಗೋಡೆಯ ಕನ್ನಡಿಯ ಹಿಂದೆ ಯಾವಾಗಲೂ ಒಂದು ಮುಲಾಮಿನ ಟ್ಯೂಬು ಇರುತ್ತಿತ್ತು. ಬೇಕಾದವರು ತೆಗೆದುಕೊಂಡು ಬಚ್ಚಲಿಗೆ ಹೋಗಿ, ಹಚ್ಚಿಕೊಂಡು, ಮತ್ತೆ ಅಲ್ಲಿಯೇ ಸಿಕ್ಕಿಸುವುದು. ಖಾಲಿ ಮಾಡಿದವನು ಹೊಸದನ್ನು ತಂದಿಡುವುದು. ಯಾರು ಹಚ್ಚಿಕೊಂಡರು, ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಇದನ್ನು ಅವರು ಮರ್ಯಾದೆ ಎಂದುಕೊಂಡಿದ್ದರು. ಮೆಡಿಕಲ್ ಶಾಪಿನವನೂ ಮರ್ಯಾದಸ್ಥನೇ. ಡಾಕ್ಟರ ಚೀಟಿ ಕೇಳದೆ, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ.

ಹಚ್ಚಿದರೆ ಎರಡೇ ದಿನದಲ್ಲಿ ನವೆ ಮಾಯ. ಬಿಟ್ಟರೆ ನಾಲ್ಕನೆಯ ದಿನ ಮತ್ತೆ ಹಾಜರು, ಮೊದಲಿಗಿಂತ ಅಗಲವಾಗಿ. ಒಂದೂವರೆ ವರ್ಷ ಹೀಗೇ ನಡೆಯಿತು. ಒಂದು ಶುಕ್ರವಾರ ನವೆ ತಡೆಯಲಾರದೆ ಸೀಟಿನಲ್ಲಿ ಮಿಸುಕಿದಾಗ ಬ್ರೇಕು ಒತ್ತುವುದು ಒಂದು ಕ್ಷಣ ತಡವಾಯಿತು. ಮುಂದಿದ್ದ ಸೈಕಲ್ಲಿನವನು ಹೇಗೋ ಉಳಿದುಕೊಂಡ. ಅಂದೇ ಅವನು ಅರ್ಜಿ ಬರೆದಿದ್ದ. ಸೋಮವಾರ ಕೊಡುವುದೆಂದು ಜೇಬಿನಲ್ಲಿಟ್ಟ. ಗೇಟಿಗೆ ಹೋದವರಾರೂ ಆ ಡಿಪೋದಲ್ಲಿ ಸ್ಟೇರಿಂಗಿಗೆ ಮರಳಿರಲಿಲ್ಲ.

ಮರುದಿನ, ಶನಿವಾರ, ಬಟ್ಟೆ ನೆನೆಸಲು ಹೋದ ಹೆಂಡತಿಯ ಕೈಗೆ ಆ ಕಾಗದ ಸಿಕ್ಕಿತು. ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು.

“ಸೊಂಟನೋವು ಯಾವಾಗಿನಿಂದ ರೀ?”

“ಇತ್ತೀಚೆಗೆ.”

“ಮೊನ್ನೆ ಬೀರುನ ಒಬ್ಬರೇ ತಳ್ಳಿದ್ರಲ್ಲ.”

ಅವನ ಕೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಇಳಿಯಿತು.

“ಒಂದೂವರೆ ವರ್ಷದಿಂದ ಜೇಬಲ್ಲಿ ಏನೋ ಹುಡುಕ್ತಾನೇ ಇದ್ದೀರಿ. ಸಿಕ್ತಾ ಇಲ್ವಾ?” ಅವಳು ತನ್ನ ಸೊಂಟದ ಬಟ್ಟೆ ಸರಿಸಿದಳು. ಅಲ್ಲಿ ಬಳೆಯಷ್ಟು ದೊಡ್ಡ ಕೆಂಪು ಉಂಗುರ, ಅಂಚಿನಲ್ಲಿ ಹೊಪ್ಪಳೆ. ಅವನಿಗೆ ಅದರ ಗುರುತು ಚೆನ್ನಾಗಿತ್ತು. “ನಿಮ್ಮಿಂದಾನೇ ಬಂದಿದ್ದು. ನೀವೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಒಳ್ಳೇ ಜೋಡಿ. ನೆಗಡಿ ಆಯ್ತು ಅಂತ ಮೂಗು ಕುಯ್ಕೊಳ್ಳೋಕೆ ಹೊರಟಿದ್ದೀರಲ್ಲ, ನಡೀರಿ ಡಾಕ್ಟರ ಹತ್ರ.”

ಚರ್ಮದ ಡಾಕ್ಟರು ಹೆಂಗಸು. ಅವನು ಬಾಗಿಲಿನಿಂದಲೇ ಹಿಂದೆ ಹೆಜ್ಜೆಯಿಟ್ಟ. ಹೆಂಡತಿ ಬೆನ್ನ ಹಿಂದೆ ಗೋಡೆಯಂತೆ ನಿಂತಿದ್ದಳು.

ಡಾಕ್ಟರು ಪರದೆಯ ಹಿಂದೆ ಇಬ್ಬರನ್ನೂ ನೋಡಿ ಬಂದು ಕೈ ತೊಳೆದುಕೊಂಡರು. “ಏನು ಹಚ್ತಿದ್ರಿ?”

ಅವನು ಟ್ಯೂಬಿನ ಹೆಸರು ಹೇಳಿದ.

“ಅದರಲ್ಲಿ ಸ್ಟಿರಾಯ್ಡ್ ಇದೆ. ಉರಿ, ನವೆ ಅಡಗಿಸುತ್ತೆ, ಒಳಗೆ ಹುಳುಕಡ್ಡಿ ಸುಖವಾಗಿ ಬೆಳೆಯುತ್ತೆ. ಚರ್ಮ ನೋಡಿ, ಈರುಳ್ಳಿ ಸಿಪ್ಪೆ ಆಗಿದೆ. ಯಾರು ಬರ್ಕೊಟ್ಟಿದ್ದು?”

“ಯಾರೂ ಇಲ್ಲ ಮೇಡಂ. ಕನ್ನಡಿ ಹಿಂದೆ ಇತ್ತು.”

ಡಾಕ್ಟರು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಆಮೇಲೆ ಪಾದ ತೋರಿಸಲು ಹೇಳಿದರು. ಬೂಟಿನಲ್ಲಿ ಬೆಂದ ಬೆರಳಸಂದಿಯಲ್ಲೂ ಅದೇ ಇತ್ತು. ಅಲ್ಲಿಂದಲೇ ಮೇಲೆ ಹತ್ತಿರಬಹುದು ಎಂದರು. ಸಕ್ಕರೆ ಪರೀಕ್ಷೆಗೆ ಬರೆದರು. ತುರಿಕೆಯೆಲ್ಲ ಹುಳುಕಡ್ಡಿಯಲ್ಲ, ಕೆಲವರಿಗೆ ಸೋಪಿನಿಂದ, ಕೆಲವರಿಗೆ ಬಟ್ಟೆ ಉಜ್ಜಿ ಬರುತ್ತದೆ, ನೋಡದೆ ಹಚ್ಚುವುದು ತಪ್ಪು ಎಂದು ಗದರಿದರು. ಇಬ್ಬರಿಗೂ ಮಾತ್ರೆ, ಬೇರೆ ಮುಲಾಮು. ಕಲೆಯ ಅಂಚಿನಿಂದ ಎರಡು ಬೆರಳು ಆಚೆಗೂ ಹಚ್ಚಬೇಕು. ನವೆ ನಿಂತಿತೆಂದು ಔಷಧಿ ನಿಲ್ಲಿಸಬಾರದು, ತಾನು ಹೇಳುವವರೆಗೆ ಬಿಡಬಾರದು. ಸ್ನಾನವಾದ ಮೇಲೆ ಸಂದು ಪೂರ್ತಿ ಒಣಗಬೇಕು. ಸಡಿಲವಾದ ಹತ್ತಿಯ ಒಳಉಡುಪು, ಟವೆಲ್ಲು ಬೇರೆ ಬೇರೆ.

“ಒಳಉಡುಪು ಎಲ್ಲಿ ಒಣಗಿಸ್ತೀರಿ?”

ಆ ಮನೆಯಲ್ಲಿ ಅವು ಬಚ್ಚಲಿನ ತಂತಿಯ ಮೇಲೆ, ಯಾರಿಗೂ ಕಾಣದಂತೆ ಹಸಿ ಟವೆಲ್ಲಿನ ಕೆಳಗೆ ಒಣಗುತ್ತಿದ್ದವು. ಒಣಗುತ್ತಿದ್ದವು ಎನ್ನುವುದೂ ಸುಳ್ಳೇ. ಊರವರ ಹಾಸಿಗೆ ಬಟ್ಟೆಯನ್ನು ದಿನವೂ ಕುದಿಸಿ ಒಣಗಿಸುವ ಹೆಂಗಸು ಮನೆಯಲ್ಲಿ ಲಜ್ಜೆಯನ್ನು ಟವೆಲ್ಲಿನ ಕೆಳಗೆ ಮುಚ್ಚಿಟ್ಟಿದ್ದಳು. ದಾರಿಯುದ್ದಕ್ಕೂ ಅವಳು ಗಂಡನ ಮೇಲಲ್ಲ, ತನ್ನ ಮೇಲೆಯೇ ಸಿಡುಕುತ್ತ ಬಂದಳು. ಮರುದಿನ ಬಿಸಿನೀರಿನಲ್ಲಿ ಒಗೆದು, ಮನೆಯ ಮುಂದಿನ ತಂತಿಗೆ, ರಸ್ತೆಗೆ ಎದುರಾಗಿ ಎಲ್ಲವನ್ನೂ ಹಾಕಿದಳು. ಪಕ್ಕದ ಮನೆಯಾಕೆ ಮುಖ ತಿರುಗಿಸಿದಳು. ಬಿಸಿಲು ಮುಖ ತಿರುಗಿಸಲಿಲ್ಲ.

ಸೋಮವಾರ ಅವನು ಅರ್ಜಿ ಕೊಡಲಿಲ್ಲ, ಹದಿನೈದು ದಿನ ರಜೆ ಕೇಳಿದ. ಸಿಟ್ಟು ಮಾತ್ರ ಇಳಿದಿರಲಿಲ್ಲ. ವಿಶ್ರಾಂತಿ ಕೋಣೆಗೆ ಹೋಗಿ, ಕನ್ನಡಿಯ ಹಿಂದಿನ ಟ್ಯೂಬು ತೆಗೆದು, ಎಲ್ಲರೆದುರು ಹಿಂಡಿ ಕಸದ ಡಬ್ಬಿಗೆ ಹಾಕಿದ.

“ಏ ಗಡಿಯಾರ, ಅದು ಎಲ್ಲರದೂ ಕಣೋ,” ಎಂದ ಹಿರಿಯ ಡ್ರೈವರ್.

“ಹುಳುಕಡ್ಡಿನೂ ಎಲ್ಲರದೂ ಆಗಿದೆ ಅಣ್ಣ. ನನಗೆ ತೊಡೆಸಂದೀಲಿ. ನಿನಗೆಲ್ಲಿ?”

ಹಿರಿಯವನು ಕೂತಲ್ಲೇ ಒಮ್ಮೆ ಮಿಸುಕಿದ. ಮೂಲೆಯಿಂದ ಯಾರೋ ನಕ್ಕರು. ಸಂಜೆಯೊಳಗೆ ಹನ್ನೊಂದು ಜನ ಒಬ್ಬೊಬ್ಬರಾಗಿ ಬಂದು ಡಾಕ್ಟರ ವಿಳಾಸ ಬರೆದುಕೊಂಡರು.

ರಜೆ ಮುಗಿಸಿ ಬಂದವನು ಮ್ಯಾನೇಜರ ಮೇಜಿನ ಮೇಲೆ ಬೇರೊಂದು ಅರ್ಜಿ ಇಟ್ಟ. ಹತ್ತಿಯ ಪ್ಯಾಂಟು, ಸೀಟಿಗೆ ಬಟ್ಟೆಯ ಹೊದಿಕೆ ಬೇಕೆಂದು. ಕೆಳಗೆ ಹನ್ನೆರಡು ಸಹಿ. ಕಾರಣದ ಜಾಗದಲ್ಲಿ ರೋಗದ ಹೆಸರು, ಜಾಗದ ಹೆಸರು ಎರಡೂ ಸ್ಪಷ್ಟವಾಗಿದ್ದವು.

“ಆಫೀಸಿನ ಕಾಗದದಲ್ಲಿ ಇದನ್ನೆಲ್ಲ ಬರೆಯೋದೇನ್ರೀ?” ಎಂದರು ಮ್ಯಾನೇಜರು.

“ಅದರ ಮೇಲೇ ಕೂತು ನಿಮ್ಮ ಬಸ್ಸು ಓಡಿಸ್ತಿರೋದು ಸಾರ್.”

ಮ್ಯಾನೇಜರು ಕಾಗದವನ್ನು ಮಗುಚಿ ಇಟ್ಟರು. ಅವನು ಅದನ್ನು ಮತ್ತೆ ಮೇಲ್ಮುಖವಾಗಿ ತಿರುಗಿಸಿ, ಗೋಡೆಯ ಗಡಿಯಾರ ನೋಡಿ ಹೊರಟ. ಸ್ಟೇರಿಂಗ್ ಹಿಡಿಯಲು ಇನ್ನೂ ನಾಲ್ಕು ನಿಮಿಷವಿತ್ತು.