ಹುಳದ ಮನೆಯ ಇಂಗ್ಲಿಷು

ಪರದೇಶದ ವಿಶ್ವವಿದ್ಯಾಲಯಗಳು ನಮ್ಮಂಥವರನ್ನು ಒಳಗೆ ಬಿಟ್ಟುಕೊಳ್ಳುವ ಮೊದಲು ಬಾಯಿ ತೆರೆಸಿ ನೋಡುತ್ತವೆ, ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ಈ ಶಾಸ್ತ್ರಕ್ಕೆ ಇಂಗ್ಲಿಷ್ ಪ್ರವೇಶ ಪರೀಕ್ಷೆ ಎಂದು ಹೆಸರು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ಅದಕ್ಕೆ ನಾಲ್ಕು ಅಂಗಗಳು. ನಾಲ್ಕರಲ್ಲೂ ಅವರು ಕೇಳಿದಷ್ಟು ಅಂಕ ಬಂದರೆ ಸೀಟು. ಒಂದರಲ್ಲಿ ಕೂದಲೆಳೆಯಷ್ಟು ಕಡಿಮೆಯಾದರೂ ಮಿಕ್ಕ ಮೂರನ್ನು ಹೊಳೆಗೆ ಬಿಟ್ಟ ಹಾಗೆ.

ನನಗೆ ಸೀಟು ಕೊಡಲು ಒಪ್ಪಿದ್ದ ವಿಶ್ವವಿದ್ಯಾಲಯದಲ್ಲಿ ರೇಷ್ಮೆ ಹುಳದ ರೋಗಗಳ ಮೇಲೆ ಸಂಶೋಧನೆ ನಡೆಯುತ್ತಿತ್ತು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಹನೂರಿನ ಖಾಸಗಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂಬ ಪದದಲ್ಲಿ ದೊಡ್ಡ ಗೌರವವಿದೆ. ಊಟಕ್ಕೆ ಕರೆಯುತ್ತಾರೆ ಎಂದಲ್ಲ, ಯಾವತ್ತು ಬೇಕಾದರೂ ಹೊರಡಿ ಎನ್ನಬಹುದು. ಆದ್ದರಿಂದ, ಇಂಗ್ಲಿಷ್ ಅಂಕ ಕಳಿಸಿದ ಕೂಡಲೇ ಸೀಟು ನಿಮ್ಮದೇ ಎಂದು ಅಲ್ಲಿನ ಪ್ರಾಧ್ಯಾಪಕರು ಇ-ಮೇಲ್ ಬರೆದಾಗ, ಅತಿಥಿ ಸತ್ಕಾರಕ್ಕೆ ಕೈಮುಗಿದು ಎದ್ದು ಬರುವ ದಿನವನ್ನು ನಾನು ಮನಸ್ಸಿನಲ್ಲೇ ಹಲವು ಸಲ ಆಚರಿಸಿದೆ.

ನಮ್ಮ ಮನೆ ಯಳಂದೂರಿನ ಪಕ್ಕದ ಹಳ್ಳಿಯಲ್ಲಿ. ಅವ್ವ, ಅಣ್ಣ, ಅತ್ತಿಗೆ ಮೂವರೂ ಸೇರಿ ಹುಳ ಸಾಕುತ್ತಾರೆ. ನಾನು ಕೊಳ್ಳೇಗಾಲದಲ್ಲಿ ರೂಮು ಮಾಡಿಕೊಂಡು ಹನೂರಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ.

ಹುಳದ ಮನೆಗೆ ಒಂದು ಕಟ್ಟಳೆಯಿದೆ. ಹುಳಗಳು ಸೊಪ್ಪು ಮೇದು, ನಾಲ್ಕು ಜ್ವರ ಕಳೆದು, ಚಂದ್ರಿಕೆಯೆಂಬ ಬಿದಿರ ತಟ್ಟಿಗೆ ಹತ್ತಿ ಗೂಡು ಕಟ್ಟುವ ತನಕ ಬೆಳೆ ಚೆನ್ನಾಗಿದೆ ಎಂದು ಯಾರೂ ಬಾಯಿಬಿಡಬಾರದು. (ಜ್ವರವೆಂದರೆ ಕಾಯಿಲೆಯಲ್ಲ. ಹುಳ ಮೇವು ಬಿಟ್ಟು ಪೊರೆ ಕಳಚುವ ಕಾಲಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ.) ದಾರಿಯಲ್ಲಿ ಸಿಕ್ಕವರು "ಉಳ ಎಂಗವೆ?" ಎಂದರೆ "ಏನೋ ಅಂಗೇ ಅವೆ" ಎನ್ನಬೇಕು. ಬೆಳೆ ಕೆಟ್ಟಿದ್ದರೂ ಅದೇ ಮಾತು, ಒಳ್ಳೆಯದಿದ್ದರೂ ಅದೇ ಮಾತು. ತುಂಬಾ ಒಳ್ಳೆಯದಿದ್ದರೆ ಮಾತ್ರ ಧ್ವನಿಯಲ್ಲಿ ಸ್ವಲ್ಪ ದೈನ್ಯ ಸೇರುತ್ತದೆ.

ಅತ್ತಿಗೆ ಹೊಸದಾಗಿ ಮನೆಗೆ ಬಂದಾಗ ಇದು ತಿಳಿಯದೆ, ಪಕ್ಕದ ಮನೆಯವಳ ಮುಂದೆ "ನಮ್ಮ ಉಳ ಎಷ್ಟ್ ದಪ್ಪ್‌ಕವೆ ಗೊತ್ತಾ" ಎಂದುಬಿಟ್ಟಳು. ಆ ಬೆಳೆಗೆ ಸುಣ್ಣಕಟ್ಟು ರೋಗ ಬಂದು ಹುಳವೆಲ್ಲ ಸೀಮೆಸುಣ್ಣದ ತುಂಡುಗಳಂತೆ ಬಿಳಿಚಿ ಬಿದ್ದವು. ಅದು ಶಿಲೀಂಧ್ರ, ಥಂಡಿ ಹವೆಗೆ ಬರುತ್ತದೆ, ನಿನ್ನ ಮಾತಿಗಲ್ಲ ಎಂದು ನಾನು ಚಿತ್ರ ಬರೆದು ವಿವರಿಸಿದೆ. ಅತ್ತಿಗೆ ಎಲ್ಲಕ್ಕೂ ತಲೆಯಾಡಿಸಿದಳು. ಇವತ್ತಿಗೂ ಹುಳದ ಮನೆಗೆ ಕಾಲಿಡುವಾಗ ತುಟಿಗಳನ್ನು ಒಳಕ್ಕೆ ಮಡಚಿಕೊಳ್ಳುತ್ತಾಳೆ.

ಪರೀಕ್ಷೆಯ ವಿಷಯ ಹೇಳಿದಾಗ ಅವ್ವ ಅದನ್ನೂ ಈ ಕಟ್ಟಳೆಯೊಳಗೆ ಸೇರಿಸಿಕೊಂಡಳು. "ಇದೂ ಒಂದ್ ಬೆಳೆನೇ ಅನ್ಕೊ ಕೂಸೇ. ಗೂಡ್ ಕಟ್ಟೋಗಂಟ ಯಾರ್‌ಗೂ ಬಾಯ್ ಬುಡ್‌ಬ್ಯಾಡ."

ನಾನು ಬಾಯಿ ಬಿಡಲಿಲ್ಲ. ಪರೀಕ್ಷೆಯ ಪುಸ್ತಕಕ್ಕೆ ನ್ಯೂಸ್‌ಪೇಪರ್ ರಟ್ಟು ಹಾಕಿದೆ. ಸ್ಟಾಫ್ ರೂಮಿನಲ್ಲಿ ನಾನು ಕದ್ದು ಓದುತ್ತಿದ್ದುದನ್ನು ಕಂಡು, ಕನ್ನಡದ ಮೇಡಂ ಅದು ಗಂಡುಗಳ ಜಾತಕದ ಕಟ್ಟು ಎಂದು ತೀರ್ಮಾನಿಸಿದರು. "ಯಾವ್ದಾದ್ರೂ ಕೂಡಿ ಬಂತೇನ್ರೀ?" ಎಂದು ವಿಚಾರಿಸುತ್ತಿದ್ದರು. "ಏನೋ, ನೋಡ್ಬೇಕು ಮೇಡಂ" ಎನ್ನುತ್ತಿದ್ದೆ. ಹನೂರಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಇಂಗ್ಲಿಷ್ ವಾಕ್ಯಗಳನ್ನು ಪಿಸುಗುಡುವಾಗ ಕಂಡಕ್ಟರು, ಪಕ್ಕದಲ್ಲಿ ಕೂರಲು ಬಂದವರನ್ನು ತಡೆದು ಹೇಳುತ್ತಿದ್ದ: "ಅಲ್ ಕೂರ್‌ಬ್ಯಾಡಿ ಸಾ, ಮೇಡಂ ಮಂತ್ರ ಏಳ್ಕತಾವ್ರೆ."

ಕೊಳ್ಳೇಗಾಲದಲ್ಲಿ ಸಿಮೆಂಟ್ ಅಂಗಡಿಯೊಂದರ ಮಹಡಿಯ ಮೇಲೆ ಕೋಚಿಂಗ್. ಅದರ ಮಾಲೀಕರು, ಪ್ರಾಂಶುಪಾಲರು, ಏಕೈಕ ಅಧ್ಯಾಪಕರು ಎಲ್ಲರೂ ಒಬ್ಬರೇ. ಮೊದಲ ವಾರದಲ್ಲೇ ಅವರು ನನ್ನ ರೋಗವನ್ನು ಪತ್ತೆ ಹಚ್ಚಿದರು.

"ನಿಮಗೆ ಚೆನ್ನಾಗಿ ಬರೋ ಕೆಲಸ ಯಾವ್ದು, ಇಂಗ್ಲಿಷಲ್ಲಿ ಹೇಳಿ."

"ಅಂಥಾದ್ದೇನಿಲ್ಲ ಸರ್."

"ಪಾಠ ಮಾಡ್ತೀರಲ್ಲ?"

"ಏನೋ, ಸ್ವಲ್ಪ."

"ಮೇಡಂ, ಪರೀಕ್ಷೆ ಮಾಡೋಕೆ ಅಲ್ಲಿ ಕೂತಿರೋ ದೊರೆ ಮುಂದೆ ನೀವು ಏನೋ ಸ್ವಲ್ಪ ಅಂದ್ರೆ, ಅವನೂ ಮಾರ್ಕ್ಸ್ ಏನೋ ಸ್ವಲ್ಪನೇ ಹಾಕ್ತಾನೆ. ನಿಮಗೆ ಇಂಗ್ಲಿಷ್ ಬರುತ್ತೆ, ಜಂಬ ಬರಲ್ಲ. ಅದನ್ನ ನಾನು ಕಲಿಸ್ತೀನಿ."

ಆ ವಿಷಯದಲ್ಲಿ ಅವರ ಪಾಂಡಿತ್ಯ ಪ್ರಶ್ನಾತೀತವಾಗಿತ್ತು. ನನ್ನನ್ನು ಕಿಟಕಿಯ ಬಳಿ ನಿಲ್ಲಿಸಿ, ಕಂಡದ್ದನ್ನೆಲ್ಲ ಹೊಗಳಿಸಿದರು. ಎದುರಿನ ಟೀ ಅಂಗಡಿಯನ್ನು ನಾನು ಎರಡು ನಿಮಿಷ ಎಡೆಬಿಡದೆ ಕೊಂಡಾಡಿದೆ. ಆ ಟೀ ಕುಡಿದವರು ಯಾರೂ ಒಪ್ಪುವ ಹಾಗಿರಲಿಲ್ಲ. ಅಲ್ಲಿಂದ ಕರೆಂಟ್ ಕಂಬ, ಅಲ್ಲಿಂದ ನನ್ನ ಕಾಲೇಜು, ಕೊನೆಗೆ ನಾನೇ. ನಾನು ಶಿಸ್ತಿನವಳು, ಧೈರ್ಯಸ್ಥೆ, ನಾಯಕತ್ವದ ಗುಣದವಳು ಎಂದು ನಾಚಿಕೆಯಿಲ್ಲದೆ ಹೇಳಲು ಬಂದ ದಿನ ಅವರು ಚಪ್ಪಾಳೆ ತಟ್ಟಿದರು. ಹೀಗೆ ನಾನು ಪರದೇಶಕ್ಕೆ ಯೋಗ್ಯಳಾದೆ.

ಪರೀಕ್ಷೆ ಮೈಸೂರಿನಲ್ಲಿ. ಹೊರಡುವ ಬೆಳಿಗ್ಗೆ ಅಣ್ಣ ಫೋನ್ ಮಾಡಿ "ನಾಕ್ನೇ ಜ್ವರದಿಂದ ಎದ್ದವೆ ಕಣವ್ವ. ಏನೋ ಅಂಗೇ ಅವೆ" ಎಂದ. ಆ ಧ್ವನಿಯ ದೈನ್ಯ ಕೇಳಿಯೇ ನನಗೆ ಗೊತ್ತಾಯಿತು, ಇಂಥ ಬೆಳೆ ನಮ್ಮ ಮನೆಯಲ್ಲಿ ಈಚೆಗೆ ಆದದ್ದಿಲ್ಲ.

ಕೇಳುವುದು, ಓದುವುದು, ಬರೆಯುವುದು ಮೂರೂ ಸಲೀಸಾಗಿ ಮುಗಿದವು. ಮಾತಿನ ಪರೀಕ್ಷೆಗೆ ಕೂತಿದ್ದವರು ಕೋಚಿಂಗ್ ಸರ್ ಹೆದರಿಸಿದ ದೊರೆಯಲ್ಲ. ನಡುವಯಸ್ಸಿನ, ಕರುಣೆಯ ಮುಖದ ಹೆಂಗಸು. ಒಂದು ಚೀಟಿ ಕೊಟ್ಟು, ಅದರ ಮೇಲೆ ಎರಡು ನಿಮಿಷ ಮಾತಾಡಿ ಎಂದರು. ನಿಮ್ಮ ಮನೆಯವರು ಚೆನ್ನಾಗಿ ಮಾಡುವ ಕೆಲಸ ಯಾವುದು, ಅದು ಈಗ ಹೇಗೆ ನಡೆದಿದೆ: ಚೀಟಿಯಲ್ಲಿ ಇದ್ದದ್ದು ಇಷ್ಟೇ.

ಕುಣಿದಾಡುವಷ್ಟು ಸಂತೋಷವಾಯಿತು. ಈ ವಿಷಯದಲ್ಲಿ ನಾನು ಎರಡು ನಿಮಿಷವಲ್ಲ, ಅವರು ಎದ್ದು ಹೋದ ಮೇಲೂ ಮಾತಾಡಬಲ್ಲೆ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ ಎಂದು ಶುರುಮಾಡಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೆಚ್ಚಿ ಹಾಕುವುದು, ಜ್ವರಕ್ಕೆ ಕೂತಾಗ ಮೇವು ನಿಲ್ಲಿಸುವುದು, ಎಲ್ಲ ಇಂಗ್ಲಿಷಿನಲ್ಲಿ ಸರಾಗವಾಗಿ ಬಂತು. ಆಮೇಲೆ "ಈಗ ಹೇಗೆ ನಡೆದಿದೆ" ಎಂಬ ಜಾಗ ಬಂತು. ತಟ್ಟೆಗಳಲ್ಲಿ ಮೇಯುತ್ತಿದ್ದ ಹುಳಗಳು ಕಣ್ಣೆದುರು ಬಂದವು. ನನ್ನ ಎರಡೂ ತುಟಿಗಳು ಒಳಕ್ಕೆ ಮಡಚಿಕೊಂಡವು.

ಅವರು ಕಾದರು. ಗಡಿಯಾರ ನೋಡಲಿಲ್ಲ, ಅಷ್ಟು ಸಭ್ಯಸ್ಥೆ. ಕೊನೆಗೆ ತಾವೇ ಕೈಕೊಟ್ಟು ಎತ್ತುವವರ ಹಾಗೆ ಒಂದೊಂದಾಗಿ ಕೇಳಿದರು. ನಿಮ್ಮ ತಾಯಿ ಈ ಕೆಲಸದಲ್ಲಿ ನಿಪುಣರೇ? ಅಂಥಾದ್ದೇನಿಲ್ಲ ಎಂದೆ. ಈ ಸಲದ ಬೆಳೆ ಚೆನ್ನಾಗಿದೆಯೇ? ಏನೋ ಹಾಗೇ ಇದೆ ಎಂದೆ. ಏಕೆ ಹಾಗೆ, ಸ್ವಲ್ಪ ವಿವರಿಸುತ್ತೀರಾ? ಹುಳ ಯಾವತ್ತು ಬೇಕಾದರೂ ಸಾಯಬಹುದು ಎಂದೆ. ಅವರು ನಿಜವಾಗಿ ಮರುಗಿದರು. ಹಾಗಾದರೆ ನಿಮ್ಮ ತಾಯಿ ಬೇರೆ ಯಾವುದಾದರೂ ಕೆಲಸ ನೋಡಿಕೊಳ್ಳಬಾರದೇ ಎಂದು ಕೇಳಿದರು.

ಶಿಲೀಂಧ್ರಕ್ಕೆ ಕಿವಿಯಿಲ್ಲ ಎಂಬುದನ್ನು ಪರೀಕ್ಷೆ ಬರೆದು ಪಾಸಾಗಿ ತಿಳಿದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಹುಳ ಯಾಕೆ ಸಾಯುತ್ತವೆ ಎಂದು ಕಲಿಯಲಿಕ್ಕೆಂದೇ ನಾನು ಸಮುದ್ರ ದಾಟಲು ಹೊರಟದ್ದು. ಬಾಯಿ ಕಟ್ಟಿದ್ದು ಅಂಥ ನನ್ನದೇ. ಮೈಸೂರಿನಲ್ಲಿ, ಎ.ಸಿ. ಕೋಣೆಯಲ್ಲಿ, ಯಳಂದೂರು ಎಲ್ಲಿದೆಯೆಂದೇ ತಿಳಿಯದ ಹೆಂಗಸಿನ ಮುಂದೆ.

ಆ ಬೆಳೆ ಬಂತು. ಗಟ್ಟಿ ಗೂಡು, ಒಂದು ಕಲೆಯಿಲ್ಲ. "ನೋಡ್ದಾ, ಯಾರೂ ಬಾಯ್ ಬುಡ್ನಿಲ್ಲ, ಬೆಳೆ ಉಳ್ಕತು" ಎಂದಳು ಅವ್ವ. ನಾನು ಹೂಂ ಎಂದೆ.

ಫಲಿತಾಂಶವೂ ಬಂತು. ಮೂರು ಅಂಗಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು, ಮಾತಿನಲ್ಲಿ ಅರ್ಧ ಅಂಕ ಕಡಿಮೆ. ಮತ್ತೊಮ್ಮೆ ಕೂತು ಅಂಕ ತರುವಷ್ಟರಲ್ಲಿ ಅವರ ಗಡುವು ಮುಗಿಯುತ್ತಿತ್ತು. ಪ್ರಾಧ್ಯಾಪಕರು ಬಹಳ ಸುಂದರವಾದ ಇಂಗ್ಲಿಷಿನಲ್ಲಿ ವಿಷಾದಿಸಿ, ಸೀಟನ್ನು ಇನ್ನೊಬ್ಬರಿಗೆ ಕೊಟ್ಟರು. ಸೀಟು ಸಿಗಲಿಲ್ಲ ಎಂದಷ್ಟೇ ಅವ್ವನಿಗೆ ಹೇಳಿದೆ.

ಕಥೆ ಅಲ್ಲಿಗೆ ಮುಗಿಯುವಷ್ಟು ಪುಣ್ಯ ನಾನು ಮಾಡಿರಲಿಲ್ಲ. ಮುಂದಿನ ವಾರ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸ್ ಎದ್ದಿತು. ಅದರಲ್ಲಿ ನಾನಿದ್ದೆ, ಭುಜದ ಹಿಂದೆ ಒಂದು ವಿಮಾನ. ಕೆಳಗೆ ಕೇಳುವುದು, ಓದುವುದು, ಬರೆಯುವುದು ಎಂಬ ಮೂರು ಅಂಕಗಳು ದಪ್ಪ ಅಕ್ಷರದಲ್ಲಿ. ಮಹಡಿ ಹತ್ತಿ ಹೋಗಿ, ತೆಗೆಸಿ ಎಂದೆ.

"ಅದರಲ್ಲಿ ಸುಳ್ಳೇನಿದೆ ಮೇಡಂ?" ಎಂದರು ಕೋಚಿಂಗ್ ಸರ್.

"ನಾಲ್ಕನೇದು ಎಲ್ಲಿ ಸರ್?"

"ವಿಮಾನಕ್ಕೆ ಜಾಗ ಬೇಕಿತ್ತಲ್ಲ."

ಜನ ರಸ್ತೆಯಲ್ಲಿ ನಿಲ್ಲಿಸಿ ಅಭಿನಂದಿಸತೊಡಗಿದರು. ಇಲ್ಲ, ಆಗಲಿಲ್ಲ, ಏನೋ ಅಷ್ಟಕ್ಕಷ್ಟೇ ಎಂದು ಎಲ್ಲರಿಗೂ ಹೇಳಿದೆ. ನಮ್ಮ ಸೀಮೆಯಲ್ಲಿ ಈ ಮಾತಿಗೆ ಏನರ್ಥವೆಂದು ಎಲ್ಲರಿಗೂ ಗೊತ್ತು. "ಸೀಟ್ ಗ್ಯಾರಂಟಿ ಬುಡು, ಎಂಗ್ ಮುಚ್ಚಿಡ್ತಾವ್ಳೆ ನೋಡು" ಎಂದು ನಗುತ್ತಾ ಹೋದರು. ನಾನು ದೈನ್ಯದಿಂದ ಹೇಳಿದಷ್ಟೂ ಅವರ ನಂಬಿಕೆ ಬಲವಾಯಿತು.

ಜೂನ್‌ನಲ್ಲಿ ಕಾಲೇಜಿಗೆ ಹೋದಾಗ ವೇಳಾಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. "ನೀವು ಹೊರಟಿದ್ದೀರಲ್ಲ ಮೇಡಂ, ನಿಮ್ಮ ಕ್ಲಾಸ್ ಬೇರೆಯವರಿಗೆ ಕೊಟ್ಟೆವು" ಎಂದರು ಪ್ರಾಂಶುಪಾಲರು, ಕೈಕುಲುಕುತ್ತಾ. ಇಲ್ಲ ಸರ್, ಸೀಟು ಸಿಗಲಿಲ್ಲ ಎಂದೆ. "ಎಲ್ಲಿದ್ದರೂ ಈ ಸರಳತೆ ಬಿಡಬೇಡಿ" ಎಂದು ಹರಸಿ ಬೀಳ್ಕೊಟ್ಟರು. ಅತಿಥಿ ಸತ್ಕಾರ ಹೀಗೆ ಸಮಾಪ್ತವಾಯಿತು.

ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದೆ. ಫ್ಲೆಕ್ಸಿನ ಸುದ್ದಿ ಆಗಲೇ ಅವ್ವನನ್ನು ಮುಟ್ಟಿತ್ತು. ಅವಳಿಗೆ ಸೀಟು ಹೋದ ಕಾರಣ ಸ್ಪಷ್ಟವಾಗಿತ್ತು. "ಅಷ್ಟ್ ದೊಡ್ಡ್‌ದಾಗಿ ನಿಲ್ಸವ್ರೆ. ಊರ್ ಕಣ್ಣೆಲ್ಲ ನಿನ್ನ ಮ್ಯಾಲೇಯ." ಸೀಟು ಹೋದದ್ದು ಮೊದಲು, ಫ್ಲೆಕ್ಸ್ ಎದ್ದದ್ದು ಆಮೇಲೆ ಎಂದೆ. ಅದು ಅವಳಿಗೆ ಅಡ್ಡಿಯೆನಿಸಲಿಲ್ಲ.

ದೃಷ್ಟಿ ತೆಗೆಯಲು ನನ್ನನ್ನು ಹುಳದ ಮನೆಯಿಂದ ದೂರಕ್ಕೆ, ರಸ್ತೆಯಾಚೆಗೆ ಕರೆದೊಯ್ದಳು, ಹುಳಕ್ಕೆ ಹೊಗೆ ಆಗದು. ಒಣಮೆಣಸಿನಕಾಯಿ, ಹರಳುಪ್ಪು ಮುಷ್ಟಿಯಲ್ಲಿ ಹಿಡಿದು ನನ್ನ ಸುತ್ತ ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ಆಗಿಲ್ಲದಿದ್ದರೆ ಮಾತ್ರ ಬರುತ್ತದೆ ಎಂಬುದು ಇದರ ಲೆಕ್ಕ.

ಘಾಟು ಬಂತು. ಧಾರಾಳವಾಗಿ ಬಂತು. ಮೂಗು, ಕಣ್ಣು ಸುರಿದು ಇಬ್ಬರೂ ಕೆಮ್ಮಿದೆವು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೆಂಡವನ್ನೇ ನೋಡುತ್ತಾ ನಿಂತಳು.

"ಯಾರ್ ಕಣ್ಣೂ ಬಿದ್ದಿಲ್ವಲ್ಲ ಕೂಸೇ" ಎಂದಳು. ಅದರಲ್ಲಿ ಸಮಾಧಾನಕ್ಕಿಂತ ಬೇಸರವೇ ಹೆಚ್ಚಿತ್ತು. "ಮತ್ಯಾಕ್ ಓಯ್ತು ಸೀಟು?"

ಬೆಳೆ ಚೆನ್ನಾಗಿದೆ ಎನ್ನಲು ಬಾಯಿ ಬರದೆ ಹೋಯಿತು ಎಂದು ಹೇಳಬಹುದಿತ್ತು. ರಸ್ತೆಯ ಆ ಬದಿಗೆ, ಹುಳದ ಮನೆಯಲ್ಲಿ, ಹೊಸ ಹುಳಗಳು ಎರಡನೇ ಜ್ವರಕ್ಕೆ ಕೂತಿದ್ದವು. ಕೆಮ್ಮು ಇನ್ನೂ ನಿಂತಿಲ್ಲ ಎಂಬಂತೆ ಸೆರಗು ಬಾಯಿಗೆ ಒತ್ತಿಕೊಂಡೆ.