ಪೆನ್ನು ಗೀಚಿ ನೋಡುವ ಪುಸ್ತಕ

ಮಹಾದೇವಿಗೆ ನಾನು ಮೊದಲ ದಿನವೇ ಸುಳ್ಳು ಹೇಳಿದೆ. ಅವಳ ಕಥೆ ಹೇಳುವುದಾದರೆ ನನ್ನ ಈ ಹಲ್ಕಟ್ ಬುದ್ಧಿಯಿಂದಲೇ ಸುರು ಮಾಡಬೇಕು.

ಸಾಂತಾಕ್ರೂಜ್ ಪೂರ್ವದಲ್ಲಿ, ಸ್ಟೇಷನ್ನಿನಿಂದ ಏಳೆಂಟು ನಿಮಿಷ ನಡೆದರೆ ನನ್ನ ಸ್ಟೇಷನರಿ ಅಂಗಡಿ. ಹೆಸರು ರಮಾನಾಥ, ಊರು ಕಾರ್ಕಳದ ಹತ್ತಿರ, ಮನೆಮಾತು ತುಳು, ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲಿ. ಮೂವತ್ತೆಂಟು ವರ್ಷದಿಂದ ಇದೇ ಗಲ್ಲೆಯಲ್ಲಿ ಕೂತು ಹಿಂದಿ, ಮರಾಠಿ ಮಾತಾಡುತ್ತಿದ್ದೇನೆ. ಕಳೆದ ದಸರೆ ಮುಗಿದ ವಾರ ಒಬ್ಬ ಹೆಂಗಸು ಬಂದು, ನನ್ನ ಹಿಂದಿನ ಗೋಡೆಯ ದೇವರ ಕ್ಯಾಲೆಂಡರಿನಲ್ಲಿದ್ದ ಎರಡು ಕನ್ನಡ ಅಕ್ಷರ ನೋಡಿ, "ನಿಮಗ ಕನ್ನಡ ಬರತದೇನ್ರಿ?" ಎಂದು ಕೇಳಿದಳು. ನಾನು "ನಹೀ ಆತಾ" ಎಂದೆ.

ಯಾಕೆ ಹಾಗೆಂದೆ? ಅಭ್ಯಾಸ, ಮತ್ತೇನಿಲ್ಲ. ನಮ್ಮವನೆಂದು ಗೊತ್ತಾದರೆ ಸಾಕು, ಒಬ್ಬನಿಗೆ ಹೋಟೆಲಿನಲ್ಲಿ ಕೆಲಸ ಕೊಡಿಸಬೇಕು, ಇನ್ನೊಬ್ಬನಿಗೆ ಚಾಳಿನಲ್ಲಿ ರೂಮು ಹುಡುಕಿಕೊಡಬೇಕು, ಮೂರನೆಯವನು ಸಂಘದ ರಶೀದಿ ಪುಸ್ತಕ ಎದುರಿಗೆ ಬಿಡಿಸುತ್ತಾನೆ. ಊರಿನವರ ಉಪದ್ರ ಸಾಕೋ ಸಾಕಾಗಿ, ಪರಿಚಯವಿಲ್ಲದವರು ಯಾರು ಕೇಳಿದರೂ ಬರುವುದಿಲ್ಲ ಎನ್ನುತ್ತಿದ್ದೆ. ಕ್ಯಾಲೆಂಡರು ಬಾಡಿಗೆಯವನು ಬಿಟ್ಟು ಹೋದದ್ದು ಎಂದೂ ಸೇರಿಸಿದೆ.

ಅವಳು ಇನ್ನೂರು ಪುಟದ ಒಂದು ಗೆರೆಯ ನೋಟ್‌ಬುಕ್ ಕೊಂಡಳು. ಬಂಗಾರ ಕೊಳ್ಳುವವರೂ ಅಷ್ಟು ನೋಡುವುದಿಲ್ಲ. ಹಾಳೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿದಳು, ಬೆಳಕಿಗೆ ಹಿಡಿದಳು, ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ ಪೆನ್ನು. ಗಿರಾಕಿಗಳು ಗೀಚಿ ನೋಡಲೆಂದು ನಾನು ಝೆರಾಕ್ಸಿನ ಹಾಳಾದ ಕಾಗದಗಳನ್ನು ಹೊಲಿದು, ದಾರ ಕಟ್ಟಿ, ಗಲ್ಲೆಯ ಮೇಲೆ ಇಡುತ್ತೇನೆ. ಜನ ಅದರಲ್ಲಿ ಸಹಿ ಹಾಕುತ್ತಾರೆ, ಸೊನ್ನೆ ಸುತ್ತುತ್ತಾರೆ, ಕಾಲೇಜಿನವರು ಹೃದಯ ಬಿಡಿಸಿ ಬಾಣ ಚುಚ್ಚುತ್ತಾರೆ. ಇವಳು ನಾಲ್ಕು ಪೆನ್ನಿನಲ್ಲೂ "ನೀಲಾ" ಎಂದು ಬರೆದಳು. ಮಗಳಿರಬೇಕು ಎಂದುಕೊಂಡೆ. ನೀಲಿ ಬಾಲ್‌ಪೆನ್ನು ತೆಗೆದುಕೊಂಡು ಹೋದಳು.

ಅವಳು ಎದುರಿನ ಬಿಲ್ಡಿಂಗಿನ ಆರನೇ ಮಾಳಿಗೆಯಲ್ಲಿ ಇಪ್ಪತ್ತನಾಲ್ಕು ಗಂಟೆಯ ಬಾಯಿ. ಅಂದರೆ ಅಲ್ಲೇ ಇದ್ದು, ಅಲ್ಲೇ ಉಂಡು, ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವವಳು. ಎಲ್ಲರೂ ಅಜ್ಜಿಯನ್ನು ಆಯಿ ಎನ್ನುತ್ತಾರೆ. ಆಯಿಗೆ ದಿನಾ ಎಳನೀರು ಕೊಡಿ ಎಂದು ಡಾಕ್ಟರು ಹೇಳಿದ್ದರಿಂದ ಇವಳಿಗೆ ಹೊರಗಿನ ಗಾಳಿ ಸಿಕ್ಕಿತು. ಎಳನೀರಿನವನು ನನ್ನ ಅಂಗಡಿಗೆ ತಾಗಿಯೇ ಕೂರುತ್ತಾನೆ. ಬೆಳಿಗ್ಗೆ ಹನ್ನೊಂದಕ್ಕೆ ಫ್ಲಾಸ್ಕ್ ಹಿಡಿದು ಬರಬೇಕು, ಹದಿನೈದು ನಿಮಿಷದಲ್ಲಿ ವಾಪಸಾಗಬೇಕು. ಹೋದದ್ದು, ಬಂದದ್ದು ಎರಡನ್ನೂ ವಾಚ್‌ಮನ್ ಬರೆದಿಡುತ್ತಾನೆ.

ಹತ್ತು ಹನ್ನೆರಡು ದಿನ ಕಳೆದು ಬಂದವಳು ಪೆನ್ನು ತೋರಿಸಿ ಎಂದಳು. ಒಂದನ್ನು ಹಿಡಿದು ಗೀಚಿದಳು, ಗೀಚಿದಳು, ಅರ್ಧ ಪುಟ ಗೀಚಿದಳು. ಪೆನ್ನು ವಾಪಸು ಇಟ್ಟು ಹೋಗಿಯೇಬಿಟ್ಟಳು! ನನಗೆ ಪಿತ್ತ ನೆತ್ತಿಗೇರಿತು. ಇಂಕು ಏನು ಇವಳ ಅಪ್ಪನ ಮನೆಯದ್ದೇ? ಹರಿದು ಬಿಸಾಡಲು ಪುಸ್ತಕ ಎಳೆದೆ. ಮೇಲೆ ತಾರೀಕು ಹಾಕಿ ಬರೆದಿದ್ದಳು.

"ಸ್ನೇಹಲ್ ಮೇಡಂ ಕ್ಯಾಮೆರಾದಾಗ ನೋಡಿ ನನ್ನ ನೋಟ್‌ಬುಕ್ ಕಸಗೊಂಡ್ಳು. ಫೋನ್ ಹಿಡದು ಹಿಂದಿ ಮಾಡಿ ಓದಿದ್ಳು. ನಕ್ಕಳು. ಆಮ್ಯಾಲ ಕಸದ ಡಬ್ಬ್ಯಾಗ ಹಾಕಿದ್ಳು. ಇನ್ನ ಮ್ಯಾಲ ಇಲ್ಲೇ ಬರೀತೀನಿ. ಈ ಅಂಗಡಿ ಮುದುಕಗ ಕನ್ನಡ ಬರೂದಿಲ್ಲ, ಛಲೋ ಆತು."

ಮುದುಕನಂತೆ! ಅರವತ್ತನಾಲ್ಕು ಒಂದು ಪ್ರಾಯವೇ? ಆದರೆ ನಗಲು ಬಾಯಿ ಬರಲಿಲ್ಲ. ಆ ಹಾಳೆಯನ್ನು ಬಿಸಾಡಲೂ ಆಗಲಿಲ್ಲ, ಮಡಿಸಿ ಲಕೋಟೆಯ ಡಬ್ಬಿಯಲ್ಲಿ ಇಟ್ಟೆ.

ಮಾರನೆಯ ದಿನವೇ ಹೇಳಬೇಕಿತ್ತು. ನಾಚಿಕೆಯಾಯಿತು. ಅದರ ಮಾರನೆಯ ದಿನ ಇನ್ನಷ್ಟು ನಾಚಿಕೆಯಾಯಿತು. ಅಷ್ಟರಲ್ಲಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನನಗೆ ಅವಳ ಬರಹದ ರುಚಿ ಹತ್ತಿಬಿಟ್ಟಿತು. ದಿನಾ ಹನ್ನೊಂದು ಹೊಡೆಯುವುದನ್ನೇ ಕಾಯತೊಡಗಿದೆ.

ಆಯಿ ಸ್ನಾನ ಮಾಡಿಸುವಾಗ ಚಿವುಟುತ್ತಾಳೆ, ಆಮೇಲೆ ತಾನೇ ಅತ್ತು ಇವಳನ್ನು ಅವ್ವಾ ಎಂದು ಕರೆಯುತ್ತಾಳೆ. ಅಡುಗೆಮನೆಯ ಕ್ಯಾಮೆರಾ ಫ್ರಿಜ್ಜಿನ ಮೇಲೆ ಇದೆ, ಅದಕ್ಕೆ ಇವಳು ಗೋಡೆಗೆ ಮುಖ ಮಾಡಿ ಉಣ್ಣುತ್ತಾಳೆ. ಬಾತ್‌ರೂಮಿನಲ್ಲಿ ಮಾತ್ರ ಕ್ಯಾಮೆರಾ ಇಲ್ಲ, ಬಕೆಟ್ ಬೋರಲು ಹಾಕಿ ಐದು ನಿಮಿಷ ಕೂತರೆ ಹಾಲಿನ ಸ್ಪೀಕರಿನಿಂದ "ಮಹಾದೇವಿ, ಕಿಧರ್ ಹೋ?" ಎಂದು ಸ್ವರ ಬರುತ್ತದೆ. ಅದು ಆಯಿಯ ಮಗಳು ಸ್ನೇಹಲ್ ಮೇಡಂ. ಕಾಂದಿವಲಿಯ ತನ್ನ ಮನೆಯಲ್ಲಿ ಕೂತು ಫೋನಿನಲ್ಲಿ ನಾಲ್ಕು ಕ್ಯಾಮೆರಾ ನೋಡುತ್ತಾಳೆ.

ಸಂಕ್ರಾಂತಿಯ ಹೊತ್ತಿಗೆ ಬರಹದ ಬಣ್ಣ ಬದಲಾಯಿತು. ಹನ್ನೊಂದು ತಿಂಗಳ ಕರಾರು ಮುಗಿದಿತ್ತು. ಆಳಂದದ ಹತ್ತಿರದ ಹಳ್ಳಿಯಲ್ಲಿ ಮಗಳು ನೀಲಾ ಚೊಚ್ಚಲ ಬಸುರಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ತವರೆಂದರೆ ಇವಳೊಬ್ಬಳೇ. "ಹೋಗ್ತೀನಂದೆ. ಆಧಾರ್ ಕಾರ್ಡು, ಮೊಬೈಲು ಎರಡೂ ಮೇಡಂ ಕಪಾಟಿನಾಗ ಅವ. ಕೊಡಂಗಿಲ್ಲಂತ. ಹೇಳದ ಹೋದ್ರ ನಾ ಆಯೀದು ಬಂಗಾರದ ಬಳಿ ಕದ್ದೀನಂತ ಪೊಲೀಸರಿಗೆ ಹೇಳ್ತಾಳಂತ. ನೀಲಾ, ನಾ ಎಲ್ಲಿ ಹೋಗ್ಲಿ?"

ಇದನ್ನು ಓದಿ ನಾನೇನು ಮಾಡಿದೆ ಗೊತ್ತೇ? ಒಳ್ಳೆಯ ಕಾಗದ ತಂದಿಟ್ಟೆ!

ಹೌದು ಮಾರಾಯ್ರೆ. ಝೆರಾಕ್ಸಿನ ರದ್ದಿ ತೆಗೆದು, ಇಂಕು ಹಿಂದೆ ಮೂಡದಂಥ ದಪ್ಪ ಹಾಳೆಯ ಪುಸ್ತಕಕ್ಕೆ ದಾರ ಕಟ್ಟಿದೆ. ಜೆಲ್ ಪೆನ್ನು ಕೊಟ್ಟು ನೋಡಿದೆ. ಫಿನಾಯಿಲು, ಪಾತ್ರೆ ಎಂದು ಅವಳ ಕೈ ಯಾವಾಗಲೂ ಒದ್ದೆ, ಅಕ್ಷರವೆಲ್ಲ ಕದಡಿತು. ಸಪೂರ ತುದಿಯ ಪೆನ್ನು ಕೊಟ್ಟೆ, ಅವಳು ಒತ್ತುವ ರಭಸಕ್ಕೆ ಹಾಳೆ ಹರಿಯಿತು. ಕೊನೆಗೆ ನನ್ನದೇ ಹಳೆಯ ಇಂಕ್ ಪೆನ್ನು, ದಪ್ಪ ನಿಬ್ಬಿನದು, ತೊಳೆದು ಶಾಯಿ ತುಂಬಿ "ನಯಾ ಮಾಲ್ ಹೈ, ದೇಖೋ" ಎಂದು ಮುಂದೆ ಇಟ್ಟೆ. ಅದು ಅವಳ ಕೈಗೆ ಕೂತಿತು. "ಈ ಪೆನ್ನಿಗೆ ನನ್ನ ಅವಸರ ಗೊತ್ತದ" ಎಂದು ಬರೆದಳು. ಆ ದಿನವಿಡೀ ನಾನು ಭಾರೀ ಖುಷಿಯಲ್ಲಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನನ್ನ ಬಾಳು.

ಅವಳಿದ್ದಾಗ ನನ್ನ ಬಾಯಿಂದ ಒಂದು ಕನ್ನಡ ಶಬ್ದ ಬೀಳಬಾರದು, ತುಳುವಂತೂ ಕೂಡದು. ಹನ್ನೊಂದು ಗಂಟೆಗೆ ಹೆಂಡತಿ ಲಾವಣ್ಯಾ ಫೋನ್ ಮಾಡಿದರೆ ಹಿಂದಿಯಲ್ಲಿ ಹ್ಞಾಂ, ಹ್ಞಾಂ ಎನ್ನುತ್ತಿದ್ದೆ. ಎಂಟು ತಿಂಗಳು ತಡೆದುಕೊಂಡವಳು ಜೂನ್ ತಿಂಗಳ ಒಂದು ದಿನ ಊಟದ ಡಬ್ಬಿ ಹಿಡಿದು ಅಂಗಡಿಗೇ ಬಂದಳು.

"ಈರೆಗ್ ದಾನೆ ಆಂಡ್? ನಿಮಗೆ ಎಂಥ ಆಯ್ತು? ಕಟ್ಟಿಕೊಂಡ ಹೆಂಡತಿ ಹತ್ತಿರ ಹಿಂದಿ ಎಂಥದಕ್ಕೆ? ಯಾರ ಎದುರು ನಾಟಕ?"

ಲಕೋಟೆಯ ಡಬ್ಬಿ ತೆಗೆದು ಕೊಟ್ಟೆ. ಅವಳು ಸ್ಟೂಲಿನ ಮೇಲೆ ಕೂತು ಒಂದೊಂದೇ ಹಾಳೆ ಓದಿದಳು. ಅನ್ನ ತಣಿಯಿತು. ಓದಿ ಮುಗಿಸಿ ಕನ್ನಡಕ ತೆಗೆದಳು.

"ನೀವು ಮನುಷ್ಯರಾ ಅಥವಾ ಎಂಥದು? ಒಂದು ಹೆಂಗಸು ಬಾವಿಗೆ ಬಿದ್ದು ಕೂಗ್ತಾ ಉಂಟು. ನೀವು ದಂಡೆಯಲ್ಲಿ ಕೂತುಕೊಂಡು ಸ್ವರ ಚಂದ ಉಂಟು ಅಂತ ಕೇಳ್ತಾ ಇದ್ದೀರಿ!"

"ನಾನು ಬಾಯಿ ಬಿಟ್ಟರೆ ಅವಳು ಬರೆಯುವುದು ನಿಲ್ಲಿಸ್ತಾಳಲ್ಲ ಮಾರಾಯ್ತಿ. ಅವಳಿಗೆ ಇರುವುದು ಇದೊಂದೇ ಜಾಗ."

"ನಿಲ್ಲಿಸಲಿ! ಅವಳಿಗೆ ಬೇಕಾದ್ದು ಬಾಗಿಲು. ನಿಮ್ಮ ಪೆನ್ನು ಯಾರಿಗೆ ಬೇಕು?"

ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಲಾವಣ್ಯಾ ನನ್ನನ್ನು ಹಾಗೆ ನೋಡಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಮರುದಿನ ಮಹಾದೇವಿ ಮಳೆಯಲ್ಲಿ ನೆನೆದು ಬಂದಳು. ಸೆರಗಿನಲ್ಲಿ ಕೈ ಒರೆಸಿ ಬರೆದಳು. ನಾನು ಗಲ್ಲೆಯ ಈಚೆ ನಿಂತು ತಲೆಕೆಳಗಾದ ಅಕ್ಷರಗಳನ್ನೇ ಓದಿದೆ, ಆ ವಿದ್ಯೆಯೂ ಅಷ್ಟರಲ್ಲಿ ಬಂದಿತ್ತು.

"ನಾಡಿದ್ದ ಆಯಿನ್ನ ಕಾಂದಿವಲಿಗೆ ಒಯ್ತಾರ. ನನ್ನನ್ನೂ. ಇಪ್ಪತ್ತೆರಡನೇ ಮಾಳಿಗಿ. ಎಳನೀರ ಸೈತ ಬಾಗಲಕ್ಕ ಬರತದಂತ, ಹೊರಗ ಹೋಗೂ ಕೆಲಸನ ಇಲ್ಲಂತ. ನೀಲಾಗ ಒಂಬತ್ತರಾಗ ನಡದದ. ಇಲ್ಲಿ ಬರಿಯೂದು ಮುಗೀತು."

ಪೆನ್ನಿನ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದಳು. ಅತ್ತ ದರಿ, ಇತ್ತ ಪುಲಿ. ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ.

"ಮಹಾದೇವಿ, ಒಂದು ನಿಮಿಷ ನಿಲ್ಲಮ್ಮ."

ನಿಂತಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಪುಸ್ತಕ ನೋಡಿದಳು, ಆಮೇಲೆ ಮತ್ತೆ ನನ್ನನ್ನು.

"ಎಲ್ಲಾ ಓದೀರೇನ್ರಿ?"

"ಹೌದಮ್ಮ."

"ಮೊದಲಿಂದ?"

ಹೌದೆಂದು ತಲೆ ಆಡಿಸಿ, ಅವಳ ಹಾಳೆಗಳಿದ್ದ ಡಬ್ಬಿ ತೆರೆದೆ. ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಪುಸ್ತಕ ಮುಚ್ಚಿ, "ಅಲ್ಲೂ ಕ್ಯಾಮೆರಾ, ಇಲ್ಲೂ ಕ್ಯಾಮೆರಾ" ಎಂದಳು.

"ಹಾಗಲ್ಲ ಮಾರಾಯ್ತಿ, ನಾನು ನಿನಗೆ ಸಹಾಯ..."

"ಮೊದಲನೇ ದಿನಾನೇ ಕೇಳಿದ್ನೆಲ್ರಿ, ಕನ್ನಡ ಬರತದೇನ್ರಿ ಅಂತ. ಅವತ್ತ ಹ್ಞೂಂ ಅಂದಿದ್ರ, ಅವತ್ತ ಬಾಯಿ ಬಿಟ್ಟ ಕೇಳ್ತಿದ್ದೆ. ಹಿಂಗ ಬರಕೋತ ಕೂಡ್ತಿದ್ದಿಲ್ಲ."

ಫ್ಲಾಸ್ಕನ್ನು ಗಲ್ಲೆಯ ಮೇಲೆಯೇ ಮರೆತು ಹೋದಳು. ಎಳನೀರಿನವನು ಹಿಂದೆ ಓಡಿ ಕೊಟ್ಟು ಬಂದ. ನಾನು ಹಾಳೆಗಳ ಡಬ್ಬಿ ಮುಂದೆ ಇಟ್ಟುಕೊಂಡು ಕೂತೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆಯೂ ಹೋಗುತ್ತದೆ, ನನ್ನನ್ನು ಕೇಳಿ.

ಮಾರನೆಯ ದಿನ ಅವಳು ಬರಲಿಲ್ಲ. ನಾನೇ ಆ ಬಿಲ್ಡಿಂಗಿಗೆ ಹೋದೆ. ಮೇಡಂ ಅವರನ್ನು ಕೇಳದೆ ಯಾರನ್ನೂ ಮೇಲೆ ಬಿಡುವಂತಿಲ್ಲ ಎಂದು ವಾಚ್‌ಮನ್ ಫೋನಿಗೆ ಕೈ ಹಾಕಿದ. ನಾನು ಕೇಳಿ, ಮೇಡಂ ಬಳೆಯ ಕಥೆ ತೆಗೆದು, ಮಹಾದೇವಿಯ ಮೇಲೆ ಪೊಲೀಸರನ್ನು ಕರೆದರೆ? ಬೇಡ ಎಂದು ವಾಪಸು ಬಂದೆ. ಕಾಂದಿವಲಿಯ ವಿಳಾಸ ಗೊತ್ತೇ ಎಂದರೆ ಅವನಿಗೂ ಗೊತ್ತಿಲ್ಲ. ಕಾಂದಿವಲಿಯಲ್ಲಿ ಇಪ್ಪತ್ತೆರಡು ಮಾಳಿಗೆಯ ಬಿಲ್ಡಿಂಗು ಎಷ್ಟಿವೆ? ಯಾವುದರ ಕೆಳಗೆ ನಿಂತು ಯಾರನ್ನು ಕೇಳುವುದು? ಮನೆಗೆ ಹೋದರೆ ಲಾವಣ್ಯಾ ತಟ್ಟೆ ಬಡಿಸಿ ಆಚೆ ಹೋದಳು.

ಮೂರನೆಯ ದಿನ ಹನ್ನೊಂದಕ್ಕೆ ಅಂಗಡಿಯ ಮುಂದೆ ಒಂದು ಬಿಳಿ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಆಯಿ. ಸ್ಟೀರಿಂಗ್ ಹಿಡಿದು ಕಿವಿಗೆ ಫೋನು ಒತ್ತಿಕೊಂಡಿದ್ದವಳೇ ಸ್ನೇಹಲ್ ಮೇಡಂ ಇರಬೇಕು. ದಾರಿಗೆ ಎಳನೀರು ಬೇಕೆಂದು ಆಯಿ ಹಟ ಮಾಡಿದ್ದಳೋ ಏನೋ. ಮಹಾದೇವಿ ಫ್ಲಾಸ್ಕ್ ಹಿಡಿದು ಇಳಿದಳು. ಕಾರಿನ ಗಾಜು ಇಳಿದೇ ಇತ್ತು, ಮೇಡಂ ಕಣ್ಣು ಇವಳ ಬೆನ್ನಿನ ಮೇಲೇ ಇತ್ತು.

ಎಳನೀರಿನವನಿಗೆ ಫ್ಲಾಸ್ಕ್ ಕೊಟ್ಟು, ನನ್ನ ಗಲ್ಲೆಗೆ ಬಂದು, ಹಿಂದಿಯಲ್ಲಿ ಗಟ್ಟಿಯಾಗಿ "ಪೆನ್ ದಿಖಾನಾ" ಎಂದಳು.

ಇಂಕ್ ಪೆನ್ನು ಕೊಟ್ಟೆ. ಬಗ್ಗಿ ಬರೆಯತೊಡಗಿದಳು. ಹಿಂದೆ ಬಸ್ಸು ಹಾರ್ನ್ ಹೊಡೆಯಿತು.

"ಮಹಾದೇವಿ! ವಹಾಂ ಕ್ಯಾ ಕರ್ ರಹೀ ಹೋ?"

"ಪೆನ್ ದೇಖತೀ ಹೂಂ ಮೇಡಂ. ಚಲತಾ ನಹೀ."

ಇನ್ನೊಂದು ಸಾಲು ಬರೆದು, ಅದರ ಮೇಲೆ ಕೆಳಗೆ ಎರಡು ಸೊನ್ನೆ ಸುತ್ತಿ, ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಇಟ್ಟಳು. ಎಂಟು ತಿಂಗಳಿನಲ್ಲಿ ಅವಳು ಪುಸ್ತಕ ನನ್ನ ಕಡೆ ತಿರುಗಿಸಿದ್ದು ಅದೇ ಮೊದಲು. ಫ್ಲಾಸ್ಕ್ ತೆಗೆದುಕೊಂಡು ಕಾರು ಹತ್ತಿದಳು. ಕಾರು ಹೋಯಿತು.

ತಾರೀಕು ಹಾಕಿರಲಿಲ್ಲ. ಮೊದಲ ಸಾಲಿನಲ್ಲಿ ಬಿಲ್ಡಿಂಗಿನ ಹೆಸರು, ವಿಂಗು, ಮನೆ ನಂಬರು. ಕೆಳಗೆ, "ಬಳಿ ನಾ ಕದ್ದಿಲ್ಲ. ಏನೇನ ಆಗ್ಯದ ಎಲ್ಲಾ ನಿಮಗ ಗೊತ್ತದ, ಬರದದ್ದು ನಿಮ್ಮ ಬಲ್ಲೇ ಅದ. ಬಾಗಲ ಮುಂದ ಬಂದು ನನ್ನ ಹೆಸರ ಹಿಡದು ಜೋರಾಗಿ ಕರೀರಿ. ಕನ್ನಡದಾಗ ಕರೀರಿ, ನೀವಂತ ನನಗ ತಿಳೀತದ."

ಹಾಳೆ ಹರಿದು ಜೇಬಿನಲ್ಲಿ ಇಟ್ಟೆ. ಡಬ್ಬಿಯಲ್ಲಿದ್ದ ಇನ್ನೂರು ಚಿಲ್ಲರೆ ಹಾಳೆಗಳನ್ನೂ ಚೀಲಕ್ಕೆ ತುಂಬಿದೆ. ಒಂದೊಂದರ ಮೇಲೂ ತಾರೀಕು ಇತ್ತು, ಪೊಲೀಸರ ಮುಂದೆ ಇಡಲು ಅಷ್ಟು ಸಾಕಾಗಬಹುದು. ಲಾವಣ್ಯಾಳಿಗೆ ಫೋನ್ ಹಚ್ಚಿ ಬೀದಿಗೆಲ್ಲ ಕೇಳುವ ಹಾಗೆ ತುಳುವಿನಲ್ಲೂ ಕನ್ನಡದಲ್ಲೂ ಕೂಗಿದೆ. ಚಪ್ಪಲಿ ಮೆಟ್ಟಿಕೊಂಡು ಈಗಲೇ ಸಾಂತಾಕ್ರೂಜ್ ಸ್ಟೇಷನ್ನಿಗೆ ಬಾ, ನಿಮ್ಮ ಸಂಘದ ಮಹಿಳಾ ವಿಭಾಗದ ಆ ವಕೀಲೆಯನ್ನೂ ಕರೆದುಕೊಂಡು ಬಾ, ಕಾಂದಿವಲಿಗೆ ಹೋಗ್ಲಿಕ್ಕುಂಟು ಎಂದೆ. ಅವಳು ಯಾಕೆ ಎನ್ನಲಿಲ್ಲ, ಬಂದೆ ಎಂದಳು. ಎಳನೀರಿನವನು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ.

"ಅಂಕಲ್, ಯೇ ಕೌನಸೀ ಭಾಷಾ ಹೈ?"

"ಮೇರೀ" ಎಂದು ಶಟರ್ ಎಳೆದೆ.

ಬೋರಿವಲಿ ಸ್ಲೋ ಲೋಕಲ್ಲು ಆ ಹೊತ್ತಿಗೆ ಖಾಲಿಯೇ ಇತ್ತು. ಲಾವಣ್ಯಾ ವಕೀಲೆಯ ಪಕ್ಕ ಕೂತು ಹಾಳೆಗಳನ್ನು ತಾರೀಕಿನ ಪ್ರಕಾರ ಜೋಡಿಸುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತೆ. ಗೋರೆಗಾಂವ್ ದಾಟಿದ ಮೇಲೆ "ಮಹಾದೇವೀ" ಎಂದು ಒಮ್ಮೆ ಮೆಲ್ಲಗೆ ಕರೆದು ನೋಡಿದೆ. ಸ್ವರ ಬಾಗಿಲಿನ ಆಚೆಗೂ ಹೋಗಲಿಕ್ಕಿಲ್ಲ ಅನ್ನಿಸಿತು. ಮತ್ತೊಮ್ಮೆ ಗಟ್ಟಿಯಾಗಿ ಕರೆದೆ, ಕೂತಿದ್ದವರೆಲ್ಲ ತಿರುಗಿ ನೋಡಿದರು.