ಡಾಕ್ಟ್ರಮ್ಮ ಅಂದಾಗ ಓಗೊಟ್ಟಿದ್ದು

ದೇವನಹಳ್ಳಿಯ ಚರ್ಮದ ಕ್ಲಿನಿಕ್ಕಿನಲ್ಲಿ ನಾನು ನರ್ಸ್ ಆಗಿದ್ದೆ. ಮುಖಕ್ಕೆ ಮುಲಾಮು ಹಚ್ಚುವುದು, ಡಾಕ್ಟರು ಸೂಜಿ ಹಾಕುವಾಗ ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ಬಂದವರೆಲ್ಲ ನನ್ನನ್ನೇ ‘ಡಾಕ್ಟ್ರಮ್ಮ’ ಅನ್ನುತ್ತಿದ್ದರು. ತಿದ್ದುವ ಗೋಜಿಗೆ ಹೋಗಿರಲಿಲ್ಲ. ಸುಳ್ಳೇಕೆ ಹೇಳಲಿ, ಕೇಳಲು ಹಿತವಾಗಿಯೇ ಇತ್ತು.

ಡಾಕ್ಟರು ಬಾರದ ಒಂದು ದಿನ, ವರ್ಷದಿಂದ ಬರುತ್ತಿದ್ದ ನಲ್ಲೂರಿನ ಹೆಂಗಸೊಬ್ಬರು ಬಂದು ಕೂತರು. ಮಗಳ ಮದುವೆ ಹತ್ತಿರವಾಗಿತ್ತು, ಹಣೆಯ ಸುಕ್ಕು ಹೋಗಲು ಸೂಜಿ ಹಾಕಿಸಿಕೊಳ್ಳಬೇಕಿತ್ತು.

“ಒಂದ್ ಸೂಜಿ ತಾನೇ, ನೀವೇ ಚುಚ್ಚಿಬಿಡಿ ಡಾಕ್ಟ್ರಮ್ಮ.”

ತೋಳಿಗೆ ಸಾವಿರ ಸೂಜಿ ಹಾಕಿದ ಕೈ ನನ್ನದು. ಆದರೆ ಹಣೆಯಲ್ಲಿ ಸ್ವಲ್ಪ ಜಾಗ ತಪ್ಪಿದರೂ ರೆಪ್ಪೆ ಜೋತುಬೀಳಬಹುದು. ಎಲ್ಲಿ, ಎಷ್ಟು ಎಂದು ನಿರ್ಧರಿಸುವ ಓದು ನನ್ನದಲ್ಲ.

“ನಾನು ಡಾಕ್ಟ್ರಲ್ಲಮ್ಮ, ನರ್ಸು,” ಅಂದೆ.

ಆಕೆ ನನ್ನನ್ನೇ ದಿಟ್ಟಿಸಿದರು.

“ಅಲ್ಲಾ, ಇಷ್ಟ್ ದಿನ ಡಾಕ್ಟ್ರಮ್ಮ ಅಂದಾಗೆಲ್ಲಾ ಓ ಅಂತಿದ್ರಲ್ಲಾ?”